ಕಾವಲಿನ ಖರ್ಚು ಯಾರದು?

2017ರ ಜೂನ್ 14, ರಮಝಾನಿನ ಒಂದು ರಾತ್ರಿ. ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 72 ಮಂದಿ ಸತ್ತರು. ಸಹರಿಗಾಗಿ ಎಚ್ಚರವಿದ್ದ ಮುಸ್ಲಿಮರು ನೆರೆಹೊರೆಯವರ ಬಾಗಿಲು ಬಡಿದು ಎಬ್ಬಿಸಿದ್ದನ್ನು ಬದುಕುಳಿದವರು ಬಳಿಕ ಸ್ಮರಿಸಿದರು.

ಗೋಡೆಗೆ ಹೊದಿಸಿದ್ದ, ಪಾಲಿಥಿನ್ ತಿರುಳಿನ ಅಲ್ಯೂಮಿನಿಯಂ ಹಾಳೆಯೇ ಬೆಂಕಿ ಹಬ್ಬಲು ಮುಖ್ಯ ಕಾರಣವೆಂದು 2019ರ ತನಿಖಾ ವರದಿ ಹೇಳಿತು. ಇಂಗ್ಲೆಂಡಿನ ನೂರಾರು ಕಟ್ಟಡಗಳಲ್ಲಿ ಅಂಥದೇ ಹೊದಿಕೆ ಪತ್ತೆಯಾಯಿತು. ಅದನ್ನು ತೆಗೆಯುವ ತನಕ ಕಾವಲುಗಾರರು ಹಗಲಿರುಳು ಮಹಡಿ ಮಹಡಿ ಸುತ್ತಬೇಕು, ಬೆಂಕಿ ಕಂಡರೆ ಎಲ್ಲರನ್ನೂ ಹೊರಗೆ ಕಳುಹಿಸಬೇಕು. ಇದೇ 'ವೇಕಿಂಗ್ ವಾಚ್'.

ತಾತ್ಕಾಲಿಕವೆಂದು ಆರಂಭವಾದ ಈ ಪಹರೆ ಹಲವೆಡೆ ವರ್ಷಗಟ್ಟಲೆ ನಡೆಯಿತು. ಅನೇಕ ಖಾಸಗಿ ಕಟ್ಟಡಗಳಲ್ಲಿ ಅದರ ಖರ್ಚು, ದೀರ್ಘ ಗುತ್ತಿಗೆಯ ಮೇಲೆ ಫ್ಲ್ಯಾಟ್ ಕೊಂಡವರ ನಿರ್ವಹಣಾ ಶುಲ್ಕಕ್ಕೆ ಸೇರಿತು. 2020ರ ಸರಕಾರಿ ಅಂಕಿಅಂಶದಂತೆ ಅರ್ಧದಷ್ಟು ಕಟ್ಟಡಗಳಲ್ಲಿ ಮನೆಯೊಂದಕ್ಕೆ ತಿಂಗಳಿಗೆ 137 ಪೌಂಡಿಗಿಂತ ಹೆಚ್ಚು. ಆ ಡಿಸೆಂಬರಿನಲ್ಲಿ ಸರಕಾರ 3 ಕೋಟಿ ಪೌಂಡಿನ ನಿಧಿ ಘೋಷಿಸಿತು. ಅದು ಎಚ್ಚರಿಕೆಯ ಅಲಾರಂ ಅಳವಡಿಸಲು ಮಾತ್ರ. ಪಹರೆಯ ಬಿಲ್ಲು ತೀರಿಸಲು ಅಲ್ಲ. 2022ರ ಕಟ್ಟಡ ಸುರಕ್ಷತಾ ಕಾಯ್ದೆ ಅರ್ಹ ಗುತ್ತಿಗೆದಾರರ ಹೊರೆಗೆ ಮಿತಿ ಹಾಕಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಆ ಹೊದಿಕೆಯನ್ನು ತಯಾರಿಸಿದವರು, ಆರಿಸಿದವರು, ಒಪ್ಪಿದವರು ಬೇರೆ. ಹಣ ತೆತ್ತವರು ಒಳಗೆ ಮಲಗಿದ್ದವರು. ನೆರೆಯವನ ಹಕ್ಕನ್ನು ಇಸ್ಲಾಮ್ ಎತ್ತಿ ಹಿಡಿದಿದೆ. ಆಪತ್ತಿನಲ್ಲಿ ಅವನನ್ನು ಎಬ್ಬಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಅಪಾಯವನ್ನು ಗೋಡೆಗೆ ಅಂಟಿಸಿದವನ ಲೆಕ್ಕವನ್ನು ಆ ನೆರೆಯವನೇ ತೀರಿಸಬೇಕೆಂದರೆ ಅದನ್ನು ನ್ಯಾಯವೆಂದು ನಾವು ಹೇಗೆ ಕರೆಯೋಣ?