ಮಿರಜಿನ ದಾರಿ ಮುಚ್ಚಿದಾಗ

ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಬಲಿತರೆ ಹಿರಿಯರ ಬಾಯಲ್ಲಿ ಬರುವ ಊರಿನ ಹೆಸರು ಬೆಂಗಳೂರಲ್ಲ, ಮಿರಜ. ಬೆಂಗಳೂರು 500 ಕಿ.ಮೀ.ಗೂ ಹೆಚ್ಚು ದೂರ. ಮಿರಜ ರಬಕವಿಯಿಂದ ನೂರು ಕಿ.ಮೀ. ಒಳಗೇ ಇದೆ. ಆದರೆ ಈ ರೂಢಿಗೆ ದೂರವೊಂದೇ ಕಾರಣವಲ್ಲ. ಜಮಖಂಡಿ, ಮಿರಜ, ಸಾಂಗ್ಲಿ ಮೂರೂ ಪಟವರ್ಧನ ಮನೆತನದ ಶಾಖೆಗಳು ಆಳಿದ ಸಂಸ್ಥಾನಗಳು. ಇಂದು ಒಂದೇ ನಗರಸಭೆಯಲ್ಲಿರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಗೆ ಸೇರಿತ್ತು, ರಬಕವಿ ಸಾಂಗ್ಲಿಗೆ. ಮುಧೋಳ ಘೋರ್ಪಡೆಯವರದು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತ್ತು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದಾಗ ಈ ಭಾಗದ ಜನರಿಗೆ ಅದು ಪರಸ್ಥಳವಾಗಿರಲಿಲ್ಲ. ಮಗಳನ್ನು ಕೊಟ್ಟ, ಸೊಸೆಯನ್ನು ತಂದ ಸೀಮೆಯಾಗಿತ್ತು.

ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಜಮಖಂಡಿ, ಮುಧೋಳಗಳು ಮೈಸೂರು ರಾಜ್ಯಕ್ಕೆ ಬಂದವು, ಮಿರಜ-ಸಾಂಗ್ಲಿ ಮುಂಬಯಿ ರಾಜ್ಯದಲ್ಲೇ ಉಳಿದು ಮುಂದೆ ಮಹಾರಾಷ್ಟ್ರದ ಭಾಗವಾದವು. ನಡುವೆ ಗೆರೆ ಬಿತ್ತು ನಿಜ. ಆದರೆ ರೋಗಿಗಳು ಅದನ್ನು ಗಮನಕ್ಕೆ ತಂದುಕೊಂಡವರಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗವಾಡದ ಗಡಿ ಬಸ್ಸಿನ ಕಿಟಕಿಯಿಂದ ಕಾಣುವ ಫಲಕವೊಂದರ ಹೊರತು ಹೆಚ್ಚೇನೂ ಆಗಿರಲಿಲ್ಲ.

ಆ ಗೆರೆ ಗೋಡೆಯಾದದ್ದು 2020ರ ಮಾರ್ಚ್‌ನಲ್ಲಿ. ಅದಕ್ಕೆ ಏಳು ತಿಂಗಳ ಮೊದಲಷ್ಟೇ, 2019ರ ಆಗಸ್ಟ್‌ನಲ್ಲಿ, ಕೃಷ್ಣೆ ಜಮಖಂಡಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳಿಗೂ, ಘಟಪ್ರಭೆ ಮುಧೋಳದ ಕಡೆಗೂ ನುಗ್ಗಿ ಹೋಗಿದ್ದಳು. ಕೆಸರು ಬಳಿದು ಮನೆ ಸೇರಿಕೊಂಡವರ ಮೇಲೆ ಈಗ ದಿಗ್ಬಂಧನ ಬಂತು. ಮಾರ್ಚ್ 24ರ ನಡುರಾತ್ರಿಯಿಂದ ದೇಶವೆಲ್ಲ ಸ್ತಬ್ಧ. ರೈಲು, ಬಸ್ಸು ಎರಡೂ ಇಲ್ಲ. ನೇಕಾರರಿಗೆ ನೂಲೂ ಇಲ್ಲ, ನೇಯ್ದ ಸೀರೆಗೆ ಪೇಟೆಯೂ ಇಲ್ಲ.

ಇದಕ್ಕೆ ಆಧಾರವಾದ ಕಾನೂನುಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗಿಗೆಂದು ಬ್ರಿಟಿಷರು ಮಾಡಿದ್ದು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ನೆನಪು ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿದೆ. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯದಲ್ಲಿ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಆ ಎರಡು ಪಿಡುಗುಗಳ ಕಾಲದಲ್ಲೂ ಕ್ಯಾನ್ಸರ್ ಇದ್ದೇ ಇತ್ತು. ಆದರೆ ಆಗಿನ ರೋಗಿಗೆ ತಪ್ಪಿಹೋಗಲು ಚಿಕಿತ್ಸೆಯ ದಿನಾಂಕ ಎಂಬುದೇ ಇರಲಿಲ್ಲ. ಇಂದಿನ ರೋಗಿ ಬದುಕುವುದು ಪಂಚಾಂಗದಂತೆ ಕರಾರುವಾಕ್ಕಾದ ಒಂದು ಲೆಕ್ಕದ ಮೇಲೆ: ಅನೇಕ ಔಷಧಿಗಳು 21 ದಿನಕ್ಕೊಮ್ಮೆ, ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಹಲವು ವಾರ. ನಡುವೆ ಬಿಟ್ಟರೆ ಗಡ್ಡೆ ಮತ್ತೆ ತಲೆ ಎತ್ತೀತು ಎಂದು ವೈದ್ಯರೇ ಎಚ್ಚರಿಸಿರುತ್ತಾರೆ. ಹೀಗಿರುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ ಬಂದು, ಕಳೆದು ಹೋಗುವುದನ್ನು ಮನೆಯಲ್ಲಿ ಕುಳಿತು ನೋಡುವ ಸಂಕಟ ಹಿಂದಿನ ಯಾವ ಪಿಡುಗಿನಲ್ಲೂ ಇದ್ದಂಥದ್ದಲ್ಲ.

ಹೋದರೂ ಭಯ. ಕ್ಯಾನ್ಸರಿನ ಔಷಧಿ ಬಿಳಿ ರಕ್ತಕಣಗಳನ್ನು ತಗ್ಗಿಸುತ್ತದೆ. ಸೋಂಕು ತಗುಲಿದರೆ ಎದುರಿಸುವ ಬಲ ಕಡಿಮೆ. ಆಸ್ಪತ್ರೆಗೆ ಹೋದರೆ ಕೊರೊನಾ, ಹೋಗದಿದ್ದರೆ ಕ್ಯಾನ್ಸರ್ ಎಂಬ ಇಕ್ಕಟ್ಟು ಅದು. ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕವನ್ನು ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆ 2021ರಲ್ಲಿ ಪ್ರಕಟಿಸಿತು. 2020ರ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳಲ್ಲಿ, ಹಿಂದಿನ ವರ್ಷಕ್ಕೆ ಹೋಲಿಸಿದರೆ, ಹೊಸ ರೋಗಿಗಳ ನೋಂದಣಿ ಶೇ 54ರಷ್ಟು, ಮರುಭೇಟಿ ಶೇ 46ರಷ್ಟು, ದೊಡ್ಡ ಶಸ್ತ್ರಚಿಕಿತ್ಸೆ ಶೇ 49ರಷ್ಟು ಕುಸಿದಿದ್ದವು. ರೋಗವೇನೂ ಆ ಮೂರು ತಿಂಗಳು ರಜೆ ತೆಗೆದುಕೊಂಡಿರಲಿಲ್ಲ.

ಗಡಿಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು ರಾಜ್ಯದ ಇನ್ನೊಂದು ತುದಿಯಲ್ಲಿ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರಿಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತೆರವಿಗೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಬಗ್ಗೆ ಏಪ್ರಿಲ್ 7ರ ಹೊತ್ತಿಗೆ ಒಪ್ಪಂದವಾಯಿತು. ಕಾಗವಾಡದ ರಸ್ತೆ ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ.

ಪಾಸು ಪಡೆದು ಹೊರಡಬಹುದಿತ್ತು, ನಿಜ. ಅಲ್ಲೂ ಒಂದು ತೊಡಕು. ನಮ್ಮ ಸಮಾಜದಲ್ಲಿ ರೋಗಿಗೆ ರೋಗದ ಹೆಸರು ಹೇಳದಿರುವುದೇ ರೂಢಿ. ‘ಸಣ್ಣ ಗಂಟು ಐತಿ, ಕರೆಂಟ್ ಕೊಟ್ರ ಹೋಗತೈತಿ’ ಎಂದು ಅವ್ವನಿಗೆ ಧೈರ್ಯ ಹೇಳಿರುತ್ತಾರೆ. ಆದರೆ ತುರ್ತು ಪಾಸಿಗೆ ಕಾರಣ ಬರೆಯಬೇಕು, ಆಸ್ಪತ್ರೆಯ ಕಾಗದ ತೋರಿಸಬೇಕು. ಮನೆಮಂದಿ ತಿಂಗಳುಗಟ್ಟಲೆ ಮುಚ್ಚಿಟ್ಟ ಮಾತು ಚೆಕ್‌ಪೋಸ್ಟಿನಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳುವ ಕಾಗದವಾಯಿತು. ಮುಚ್ಚಿಡುವುದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆ ಮಾತು ಕಿವಿಗೆ ಬೀಳುವುದಾದರೆ ಪಕ್ಕದಲ್ಲಿ ಕುಳಿತು ಹೇಳುವ ವೈದ್ಯರ ಬಾಯಿಂದ ಬೀಳಬೇಕಿತ್ತು, ಬಿಸಿಲಿನ ರಸ್ತೆಯಲ್ಲಲ್ಲ.

ಕ್ಯಾನ್ಸರ್ ರೋಗಿಯ ಮನಸ್ಸಿಗೂ ಚಿಕಿತ್ಸೆ ಬೇಕೆಂಬ ತಿಳಿವಳಿಕೆ ಹಳೆಯದೇನಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಶುಶ್ರೂಷಾಲಯ ತೆರೆದ ಸಿಸಿಲಿ ಸಾಂಡರ್ಸ್, ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದೂ ಸಂಸಾರದ್ದೂ ಹೌದು ಎಂದು ಪ್ರತಿಪಾದಿಸಿದರು. 1977ರಲ್ಲಿ ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಜಿಮ್ಮಿ ಹಾಲೆಂಡ್ ಮನೋವೈದ್ಯ ವಿಭಾಗ ಕಟ್ಟಿದರು. ಕರ್ನಾಟಕದಲ್ಲಿ 1973ರ ಕಿದ್ವಾಯಿ ಸಂಸ್ಥೆಯೂ 1974ರ ನಿಮ್ಹಾನ್ಸ್ ಸಂಸ್ಥೆಯೂ ಹೊಸೂರು ರಸ್ತೆಯಲ್ಲಿ ನೆರೆಹೊರೆ. ನಿಮ್ಹಾನ್ಸಿನ ಡಾ. ಸಂತೋಷ್ ಚತುರ್ವೇದಿ ಮೊದಲಾದವರು ಕ್ಯಾನ್ಸರ್ ರೋಗಿಗಳ ಮನೋವ್ಯಥೆಯ ಬಗ್ಗೆ ಬಹಳ ಹಿಂದೆಯೇ ಅಧ್ಯಯನ ಆರಂಭಿಸಿದ್ದರು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದ ಬಳ್ಳಾರಿ. ಜ್ಞಾನಕ್ಕೆ ಕೊರತೆ ಇರಲಿಲ್ಲ. ಅದು ಕೃಷ್ಣಾ ತೀರದವರೆಗೆ ಹರಿದು ಬರುವುದರಲ್ಲಿ ಕೊರತೆ ಇತ್ತು.

2020ರ ಮಾರ್ಚ್ ಕೊನೆಯಲ್ಲಿ ನಿಮ್ಹಾನ್ಸ್ ದೂರವಾಣಿ ಸಹಾಯವಾಣಿ ತೆರೆಯಿತು. ಒಳ್ಳೆಯ ಕೆಲಸವೇ. ಆದರೆ ನೇಕಾರರ ಮನೆ ಹೇಗಿರುತ್ತದೆ? ಮಗ್ಗವೇ ಅರ್ಧ ಜಾಗ ಹಿಡಿದಿರುತ್ತದೆ. ಉಳಿದ ಜಾಗದಲ್ಲಿ ಇಡೀ ಸಂಸಾರ. ಒಂದೇ ಮೊಬೈಲು, ಅದೂ ಮಗನ ಕೈಯಲ್ಲಿ. ಎಲ್ಲರ ಕಿವಿಯೆದುರು ‘ನನಗ ಸಾಯೋ ಅಂಜಿಕಿ’ ಎಂದು ಅಪರಿಚಿತರಿಗೆ ಹೇಳುವ ಧೈರ್ಯ ಯಾರಿಗಿದ್ದೀತು? ಮೊದಲು ಈ ಮಾತುಗಳಿಗೆ ಜಾಗ ಸಿಗುತ್ತಿದ್ದುದು ಆಸ್ಪತ್ರೆಯ ಪಡಸಾಲೆಯಲ್ಲಿ. ಸರದಿಗೆ ಕಾಯುತ್ತ, ಬುತ್ತಿಯ ರೊಟ್ಟಿ ಹಂಚಿಕೊಳ್ಳುತ್ತ, ‘ನಿಮ್ಮದು ಎಷ್ಟನೆಯದ್ರಿ?’ ಎಂದು ಕೇಳಿಕೊಳ್ಳುವ ಸಹರೋಗಿಗಳ ಬಳಗ ಅದು. ಯಾವ ಇಲಾಖೆಯೂ ಅದನ್ನು ಚಿಕಿತ್ಸೆಯೆಂದು ಲೆಕ್ಕ ಹಿಡಿದಿರಲಿಲ್ಲ. ಹಾಗಾಗಿ ಅದು ನಿಂತದ್ದೂ ಯಾರ ಲೆಕ್ಕಕ್ಕೂ ಬರಲಿಲ್ಲ.

ರಾಜ್ಯದೊಳಗಿನ ಬಸ್ಸುಗಳು ಮೇ 19ರಿಂದ ಓಡಿದವು; ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ದಾರಿ ಸ್ವಲ್ಪ ಸುಗಮವಾಯಿತು. ಮಹಾರಾಷ್ಟ್ರಕ್ಕೆ ಬಸ್ಸು ಹೊರಡಲು ಸೆಪ್ಟೆಂಬರ್ ಬರಬೇಕಾಯಿತು. ಅಷ್ಟರಲ್ಲಿ ಮುಖಗವಸು ಎಲ್ಲರ ಮುಖ ಮುಚ್ಚಿತ್ತು. ಬಾಯಿ-ದವಡೆಯ ಶಸ್ತ್ರಚಿಕಿತ್ಸೆಯಾಗಿ ವರ್ಷಗಳಿಂದ ಟವೆಲು ಸುತ್ತಿಕೊಂಡೇ ಓಡಾಡುತ್ತಿದ್ದವರು ಬಸ್ಸಿನಲ್ಲಿ ಈಗ ಬೇರೆಯಾಗಿ ಕಾಣುತ್ತಿರಲಿಲ್ಲ.