ಸೊಸೈಟಿ ಎಂದರೆ ಯಾರು?

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಲೆಕ್ಕಪತ್ರದ ಜೊತೆಗೆ ನಾವು ದಿನಾ ಆಡುವ ನಾಲ್ಕು ಮಾತುಗಳ ಚರಿತ್ರೆಯನ್ನೂ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

“ಸೊಸೈಟಿಗೆ ಗೊಬ್ಬರ ಬಂತಾ?”, “ಸೊಸೈಟಿಯೋರು ಸಾಲ ಕೊಡ್ತಾರಂತೆ” ಎನ್ನುತ್ತೇವೆ. ಇಂಗ್ಲಿಷಿನಿಂದ ಬಂದ ಈ ಮಾತಿನ ಬೇರು ಲ್ಯಾಟಿನ್ ಭಾಷೆಯ ‘ಸೋಸಿಯಸ್’. ಹಾಗೆಂದರೆ ಜೊತೆಗಾರ. ನಮ್ಮ ಬಾಯಲ್ಲಿ ಅದು ಕಟ್ಟಡದ ಹೆಸರಾಗಿದೆ, ಮೇಜಿನ ಆಚೆ ಕೂತವರ ಹೆಸರಾಗಿದೆ.

‘ಸಮಾಜ’ ಎಂಬುದನ್ನೇ ನೋಡಿ. ಒಟ್ಟಿಗೆ ನಡೆಸುವುದು ಎಂಬರ್ಥದ ಧಾತುವಿನಿಂದ ಸಂಸ್ಕೃತದಲ್ಲಿ ಎರಡು ಶಬ್ದಗಳು ಹುಟ್ಟಿವೆ. ದನಗಳ ಹಿಂಡು ‘ಸಮಜ’, ಮನುಷ್ಯರ ಕೂಟ ‘ಸಮಾಜ’. ನಡುವೆ ಇರುವುದು ಒಂದೇ ಒಂದು ದೀರ್ಘ! ಅಶೋಕನ ಗಿರ್ನಾರ್ ಶಾಸನದಲ್ಲಿ ಇದೇ ಶಬ್ದಕ್ಕೆ ಉತ್ಸವದ ಜನಕೂಟವೆಂಬ ಅರ್ಥವಿದೆ. ‘ಸಹಕಾರ’ವೆಂದರೆ ಕೂಡಿ ಮಾಡುವುದು. ಹಳೆಯ ಕಾವ್ಯಗಳಲ್ಲಿ ಸುವಾಸನೆಯ ಮಾವಿನ ಮರಕ್ಕೂ ಇದೇ ಹೆಸರು.

ಅಚ್ಚಗನ್ನಡದ ಮಾತುಗಳು ನೇರವಾಗಿ ಹೊಲದಿಂದಲೇ ಬಂದಂತಿವೆ. ‘ಒಕ್ಕಟ್ಟು’ ಎಂದರೆ ಒಂದೇ ಕಟ್ಟು. ಬಿಡಿ ಕಡ್ಡಿ ಮುರಿದೀತು, ಕಟ್ಟು ಮುರಿಯದು. ಇನ್ನು ‘ಮುಯ್ಯಾಳು’. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮದುವೆಯಲ್ಲಿ ಕೊಡುವುದೂ ಮುಯ್ಯಿ, ಹಗೆ ತೀರಿಸಿಕೊಳ್ಳುವುದೂ ಮುಯ್ಯಿ. ಒಳ್ಳೇದೋ ಕೆಟ್ಟದ್ದೋ, ಪಡೆದದ್ದನ್ನು ಹಿಂದಿರುಗಿಸಲೇಬೇಕೆಂಬುದು ಈ ಮಾತಿನ ತಿರುಳು.

ಸಹಕಾರಿ ಸಾಲ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಕಾನೂನು ಹೊಸದು, ಆದರೆ ಕೊಟ್ಟು ತೀರಿಸುವ ಮುಯ್ಯಿಯ ನಡತೆ ನಮ್ಮ ರೈತರಿಗೆ ಮೊದಲೇ ಗೊತ್ತಿತ್ತು. ಕೂಲಿಯ ಮುಯ್ಯಿ ಅಲ್ಲಿ ಹಣದ ಮುಯ್ಯಿಯಾಯಿತು ಎನ್ನಬಹುದು.

ಆದ್ದರಿಂದ “ಸೊಸೈಟಿ ದುಡ್ಡು ತಾನೇ, ನಿಧಾನಕ್ಕೆ ಕಟ್ಟಿದರಾಯ್ತು” ಎನ್ನುವ ಮುಂಚೆ ಒಂದು ಗಳಿಗೆ ಯೋಚಿಸೋಣ. ಅದು ಪಕ್ಕದ ಮನೆಯವನ ಷೇರು ಹಣ, ಯಾವುದೋ ತಾಯಿ ಕೂಡಿಟ್ಟ ಠೇವಣಿ. ನಾವು ಕಟ್ಟದೆ ಉಳಿಸಿಕೊಂಡ ಕಂತು ಇನ್ನೊಬ್ಬರಿಗೆ ಬಿತ್ತನೆಯ ಕಾಲಕ್ಕೆ ಸಿಗದೆ ಹೋದ ಸಾಲ. ವಾರ್ಷಿಕ ಮಹಾಸಭೆಗೆ ಹೋಗದೆ ಮನೆಯಲ್ಲಿ ಕೂತು “ಸೊಸೈಟಿಯೋರು ಸರಿಯಿಲ್ಲ” ಎಂದರೆ ದೂರು ಹೇಳುವವರೂ ನಾವೇ, ದೂರಿಗೆ ಗುರಿಯಾದವರೂ ನಾವೇ.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ‘ಸೊಸೈಟಿಯೋರು’ ಎಂಬ ಮಾತು ಹೋಗಿ ‘ನಾವು’ ಎಂಬ ಮಾತು ಊರಿನ ಬಾಯಲ್ಲಿ ನಿಲ್ಲಲಿ ಎಂದು ಹಾರೈಸುತ್ತೇವೆ.