ಗೂಢಲಿಪಿಯೂ ಮರಣಶಾಸನವೂ: ಆನ್ ಲಿಸ್ಟರಳ ದಿನಚರಿಯಲ್ಲಿ ಒಲವು ಮತ್ತು ವ್ಯವಹಾರ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ಬಳಿಯ ಶಿಬ್ಡೆನ್ ಹಾಲ್ ಎಂಬ ಜಮೀನ್ದಾರಿ ಮನೆಯ ಒಡತಿ ಆನ್ ಲಿಸ್ಟರ್ (1791–1840) ಬಿಟ್ಟುಹೋದ ದಿನಚರಿಯಲ್ಲಿ ಸುಮಾರು 50 ಲಕ್ಷ ಪದಗಳಿವೆ. ಅದರ ಸುಮಾರು ಆರರಲ್ಲೊಂದು ಪಾಲು ಗ್ರೀಕ್ ಅಕ್ಷರಗಳನ್ನೂ ಗಣಿತದ ಚಿಹ್ನೆಗಳನ್ನೂ ಬೆರೆಸಿ ಕಟ್ಟಿದ ಗೂಢಲಿಪಿಯಲ್ಲಿದೆ. ಗೇಣಿ, ಕಲ್ಲಿದ್ದಲು, ಚುನಾವಣೆಗಳು ಸಾಮಾನ್ಯ ಲಿಪಿಯಲ್ಲಿ, ಹೆಂಗಸರೊಡನೆಯ ಪ್ರಣಯ ಗೂಢಲಿಪಿಯಲ್ಲಿ ಎಂದು ಹೇಳುವುದು ವಾಡಿಕೆ. ವಾಸ್ತವ ಇಷ್ಟು ಸರಳವಲ್ಲ. ಹಣದ ಚಿಂತೆಯೂ ಗೂಢಲಿಪಿಯೊಳಕ್ಕೇ ಸೇರಿದೆ. ಲಿಸ್ಟರ್ ಜಗತ್ತಿನಿಂದ ಮರೆಮಾಚಿದ್ದು ಒಲವನ್ನು ಮಾತ್ರವಲ್ಲ, ಒಲವಿನೊಡನೆ ಹೆಣೆದುಕೊಂಡಿದ್ದ ಲೆಕ್ಕಾಚಾರವನ್ನು ಕೂಡ. ಇವೆರಡನ್ನೂ ಬಿಡಿಸಿ ಒಂದು ನಿಜ, ಇನ್ನೊಂದು ಸ್ವಾರ್ಥ ಎಂದು ತೀರ್ಮಾನಿಸುವ ಓದು ಆ ಬದುಕುಗಳನ್ನು ತಪ್ಪಾಗಿ ಗ್ರಹಿಸುತ್ತದೆಂಬುದು ಈ ಬರಹದ ವಾದ.

ಈ ಲಿಪಿಯ ಇತಿಹಾಸದಲ್ಲಿ ಭಾರತದ ಒಂದು ಎಳೆಯಿದೆ. ಯಾರ್ಕ್ ನಗರದ ವಸತಿಶಾಲೆಯಲ್ಲಿ ಲಿಸ್ಟರಳ ಕೋಣೆಯನ್ನು ಹಂಚಿಕೊಂಡಿದ್ದ ಎಲೈಜಾ ರೇನ್ ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯ, ತಾಯಿ ಭಾರತೀಯಳು. ಗೂಢಲಿಪಿ ಈ ಇಬ್ಬರು ಹುಡುಗಿಯರ ನಡುವಿನ ಗುಟ್ಟಾಗಿತ್ತು. ದಿನಚರಿ ತೆರೆದುಕೊಳ್ಳುವುದೇ 1806ರ ಆಗಸ್ಟ್‌ನಲ್ಲಿ, ಎಲೈಜಾ ಹೊರಟುಹೋದ ಸುದ್ದಿಯೊಂದಿಗೆ. ಪ್ರಾಪ್ತ ವಯಸ್ಸಿಗೆ ಬಂದು ಪಿತ್ರಾರ್ಜಿತ ಹಣ ಕೈಸೇರಿದಾಗ ಜೊತೆಯಾಗಿ ಬಾಳಬೇಕೆಂಬುದು ಎಲೈಜಾಳ ಆಸೆ. ಆದರೆ ಲಿಸ್ಟರಳ ಮನಸ್ಸು ಬೇರೆಡೆಗೆ ಹೊರಳಿತು. 1814ರಲ್ಲಿ ಎಲೈಜಾಳನ್ನು ಮಾನಸಿಕ ರೋಗಿಗಳ ಆಶ್ರಯಕ್ಕೆ ಸೇರಿಸಲಾಯಿತು. 1860ರಲ್ಲಿ ತೀರಿಕೊಳ್ಳುವವರೆಗೂ ಆಕೆ ಸ್ವತಂತ್ರಳಾಗಲಿಲ್ಲ.

ಮುಂದಿನ ಪ್ರಿಯತಮೆ ಮರಿಯಾನಾ ಬೆಲ್ಕೋಂಬ್ ವೈದ್ಯನೊಬ್ಬನ ಮಗಳು. 1816ರಲ್ಲಿ ಆಕೆ ತನಗಿಂತ ಬಹಳ ಹಿರಿಯನಾದ ಸಿರಿವಂತ ಚಾರ್ಲ್ಸ್ ಲಾಟನ್‌ನನ್ನು ಮದುವೆಯಾದಳು. ಲಿಸ್ಟರ್ ಅದನ್ನು ಮಾರಾಟವೆಂದೇ ಬಗೆದಳು. ಆದರೂ ಸಂಬಂಧ ಕಡಿಯಲಿಲ್ಲ. ಗಂಡ ಸತ್ತ ಮೇಲೆ ಒಂದಾಗುವ ನಿರೀಕ್ಷೆಯಲ್ಲಿ ಇಬ್ಬರೂ ವರ್ಷಗಳನ್ನು ಕಳೆದರು. ಆತ ಲಿಸ್ಟರಳಿಗಿಂತ ಹೆಚ್ಚು ಕಾಲ ಬದುಕಿದ.

ಈ ಅನುಭವಗಳ ನಂತರ, 1832ರಲ್ಲಿ, ನಲವತ್ತೊಂದರ ಲಿಸ್ಟರ್ ನೆರೆಯ ಎಸ್ಟೇಟಿನ ವಾರಸುದಾರಳಾದ ಇಪ್ಪತ್ತೊಂಬತ್ತರ ಆನ್ ವಾಕರಳತ್ತ ತಿರುಗಿದಳು. ವಾಕರಳ ಹಣ ಶಿಬ್ಡೆನ್‌ಗೆ ಎಷ್ಟು ನೆರವಾದೀತೆಂಬ ಎಣಿಕೆಯನ್ನು ದಿನಚರಿ ಮುಚ್ಚಿಡುವುದಿಲ್ಲ. ಉಂಗುರಗಳ ವಿನಿಮಯವಾಯಿತು. 1834ರ ಮಾರ್ಚ್ 30ರ ಈಸ್ಟರ್ ಭಾನುವಾರ ಯಾರ್ಕ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಇಬ್ಬರೂ ಒಟ್ಟಿಗೆ ಪ್ರಭುಭೋಜನ ಸ್ವೀಕರಿಸಿದರು. ಪಾದ್ರಿಗೆ ಅದು ಎಂದಿನ ಸಂಸ್ಕಾರ. ಲಿಸ್ಟರಳ ಪಾಲಿಗೆ ವಿವಾಹ. ಊರಿಗೂ ವಿಷಯ ತಿಳಿಯದೇ ಇರಲಿಲ್ಲ. 1835ರಲ್ಲಿ, ಚುನಾವಣೆಯ ಬಿಸಿಯಲ್ಲಿ, ಪತ್ರಿಕೆಯೊಂದರಲ್ಲಿ ಇವರಿಬ್ಬರ ಅಣಕು ಮದುವೆ ಪ್ರಕಟಣೆ ಕಾಣಿಸಿಕೊಂಡಿತು.

ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನದಾಗುತ್ತಿತ್ತು, ಭೂಮಿಯ ನಿರ್ವಹಣೆಯೂ ಅವನ ಕೈಸೇರುತ್ತಿತ್ತು. ಈ ಸ್ಥಿತಿ ಗಣನೀಯವಾಗಿ ಬದಲಾದದ್ದು 1870 ಮತ್ತು 1882ರ ಕಾಯಿದೆಗಳಿಂದ. ಮದುವೆಯಾಗದ ಇಬ್ಬರು ಹೆಂಗಸರು ತಂತಮ್ಮ ಆಸ್ತಿಗೆ ತಾವೇ ಒಡತಿಯರಾಗಿ ಉಳಿಯಬಹುದಿತ್ತು. ಆದರೆ ಒಬ್ಬಳು ಸತ್ತರೆ ಇನ್ನೊಬ್ಬಳಿಗೆ ಯಾವ ಹಕ್ಕೂ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಮರಣಶಾಸನ. ಇಬ್ಬರೂ ತಮ್ಮ ಎಸ್ಟೇಟಿನ ಮೇಲೆ ಸಂಗಾತಿಗೆ ಜೀವಿತಾವಧಿಯ ಹಕ್ಕನ್ನು ಬರೆದುಕೊಟ್ಟರು. ವಾಕರ್ ಮದುವೆಯಾದರೆ ಶಿಬ್ಡೆನ್‌ನ ಹಕ್ಕು ತಪ್ಪುತ್ತದೆಂಬ ಷರತ್ತನ್ನೂ ಲಿಸ್ಟರ್ ಸೇರಿಸಿದಳು. ಗಂಡನೊಬ್ಬ ಆಸ್ತಿಯೊಳಕ್ಕೆ ಕಾಲಿಡದಂತೆ ತಡೆಯುವ ಈ ಷರತ್ತು ವಿಧವೆಗೆ ಗಂಡ ವಿಧಿಸುತ್ತಿದ್ದ ಕರಾರನ್ನೂ ಹೋಲುತ್ತದೆ. ಚರ್ಚು ದಾಖಲಿಸದ ದಾಂಪತ್ಯ ಹೀಗೆ ಆಸ್ತಿಪತ್ರದ ಭಾಷೆಯಲ್ಲಿ ದಾಖಲಾಯಿತು.

1840ರ ಸೆಪ್ಟೆಂಬರ್ 22ರಂದು ಕಾಕಸಸ್ ಪ್ರವಾಸದಲ್ಲಿದ್ದ ಲಿಸ್ಟರ್ ಜಾರ್ಜಿಯಾದ ಕುತೈಸಿಯಲ್ಲಿ ಜ್ವರದಿಂದ ತೀರಿಕೊಂಡಳು. ದಿನಚರಿಯಲ್ಲಿ ಅಂಜುಕುಳಿಯಾಗಿ ಚಿತ್ರಿತಳಾದ ವಾಕರ್ ಸಂಗಾತಿಯ ದೇಹವನ್ನು ತಾಯ್ನಾಡಿಗೆ ತಂದಳು. ಹ್ಯಾಲಿಫ್ಯಾಕ್ಸ್‌ನಲ್ಲಿ ಸಮಾಧಿ ನೆರವೇರಿದ್ದು 1841ರ ಏಪ್ರಿಲ್ 29ರಂದು. ಲಾಭನಷ್ಟದ ಯಾವ ಲೆಕ್ಕವೂ ಈ ಏಳು ತಿಂಗಳನ್ನು ವಿವರಿಸಲಾರದು. ಆದರೆ 1843ರಲ್ಲಿ ಬಂಧುಗಳು ವಾಕರಳನ್ನು ಶಿಬ್ಡೆನ್‌ನಿಂದ ಹೊರಗೆ ಸಾಗಿಸಿದರು. ಆಕೆಯ ಮತಿ ಸ್ಥಿಮಿತದಲ್ಲಿಲ್ಲವೆಂದು ಘೋಷಣೆಯಾಯಿತು. ಶಾಸನ ಕೊಟ್ಟ ಹಕ್ಕು 1854ರಲ್ಲಿ ಆಕೆ ಸಾಯುವವರೆಗೆ ಊರ್ಜಿತವಾಗಿತ್ತು; ಮನೆ ಮಾತ್ರ ಕೈತಪ್ಪಿತ್ತು.

1890ರ ದಶಕದಲ್ಲಿ ಶಿಬ್ಡೆನ್‌ನ ಜಾನ್ ಲಿಸ್ಟರ್ ತನ್ನ ಗೆಳೆಯ ಆರ್ಥರ್ ಬರೆಲ್‌ನೊಡನೆ ಗೂಢಲಿಪಿಯನ್ನು ಬಿಡಿಸಿದ. ಸುಟ್ಟುಬಿಡುವಂತೆ ಬರೆಲ್ ಸೂಚಿಸಿದರೂ ಜಾನ್ ಸಂಪುಟಗಳನ್ನು ಸುಡದೆ ಗೋಡೆಯ ಹಲಗೆಯ ಹಿಂದೆ ಅಡಗಿಸಿಟ್ಟ. ಗೂಢಭಾಗಗಳು ವ್ಯಾಪಕ ಓದುಗರನ್ನು ತಲುಪಿದ್ದು 1988ರಲ್ಲಿ, ಹೆಲೆನಾ ವಿಟ್‌ಬ್ರೆಡ್ ಅವರ ಸಂಪಾದನೆಯ ಮೂಲಕ. ಅಂದಿನಿಂದ ಲಿಸ್ಟರ್ ವಾಕರಳನ್ನು ಒಲಿದದ್ದು ಅವಳಿಗಾಗಿಯೋ ಹಣಕ್ಕಾಗಿಯೋ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಅದೇ ವರ್ಗದ ಗಂಡುಹೆಣ್ಣುಗಳ ಮದುವೆಯಲ್ಲಿ ಕರಾರುಪತ್ರವೂ ಒಲವೂ ಜೊತೆಗಿದ್ದರೆ ನಮಗೆ ಅಚ್ಚರಿಯಾಗುವುದಿಲ್ಲ. ಹೆಂಗಸರಿಬ್ಬರ ನಡುವೆ ಮಾತ್ರ ಒಲವು ನಿಷ್ಕಾಮವಾಗಿರಬೇಕೆಂದು ಬಯಸುತ್ತೇವೆ. ಇದರರ್ಥ ವ್ಯವಹಾರ ನಿರ್ದೋಷಿಯೆಂದಲ್ಲ. ಅದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಮದರಾಸಿನಿಂದ ಬಂದ ಹುಡುಗಿಗೆ ಮನೆಯೂ ಸಿಗಲಿಲ್ಲ, ಸಂಗಾತಿಯೂ ಉಳಿಯಲಿಲ್ಲ. ಎರಡು ಭಾಷೆಗಳಲ್ಲಿ ಬಾಳುವ ಓದುಗರಿಗೆ ಈ ದಿನಚರಿಯ ಪಾಠ ಅಪರಿಚಿತವೇನಲ್ಲ: ಒಂದೇ ಲಿಪಿಯನ್ನು ಓದಬಲ್ಲವನಿಗೆ ದಕ್ಕುವುದು ಅರ್ಧ ಚರಿತ್ರೆ.